ಕೇಳಿದ ರಾಗವೆಲ್ಲ ನಮ್ಮದೇ?



ಕಳೆದ ತಿಂಗಳ ಒಂದು ರಾತ್ರಿ. ಇಶಾ ಮುಗಿಸಿ ಮಕ್ಕಳ ಉತ್ತರ ಪತ್ರಿಕೆಗಳನ್ನು ತಿದ್ದುತ್ತಾ ಕುಳಿತಿದ್ದೆ. ಫೋನ್ ಬಂತು. ಹದಿನೈದು ಹದಿನಾರು ವರ್ಷಗಳ ಹಿಂದೆ ನನ್ನ ತರಗತಿಯಲ್ಲಿ ಕಲಿತವಳು. ಈಗ ಎರಡು ಮಕ್ಕಳ ತಾಯಿ, ಗಂಡ ದಮ್ಮಾಮ್‌ನಲ್ಲಿ ಕೆಲಸಕ್ಕಿದ್ದಾನೆ. ಸಲಾಮ್ ಹೇಳುವಾಗಲೇ ಅವಳ ದನಿ ನಡುಗುತ್ತಿತ್ತು.

“ಟೀಚರ್, ನನ್ನ ಮೇಲೆ ಕೇಸ್ ಆಗಿದೆಯಂತೆ. ಪೊಲೀಸರು ಮನೆಗೆ ಬರುತ್ತಾರಾ?”

ನನಗೆ ತಲೆಬುಡ ಅರ್ಥವಾಗಲಿಲ್ಲ. ಸಮಾಧಾನ ಹೇಳಿ ಒಂದೊಂದಾಗಿ ಕೇಳಿದೆ. ಈ ಹುಡುಗಿ ಮೂರು ವರ್ಷಗಳಿಂದ ಯೂಟ್ಯೂಬ್‌ನಲ್ಲಿ ಅಡುಗೆಯ ಚಾನೆಲ್ ನಡೆಸುತ್ತಿದ್ದಾಳೆ. ಪತ್ತಿರಿ, ಬಿರಿಯಾನಿ, ಮೀನು ಸಾರು, ರಮಝಾನ್‌ನ ತಿಂಡಿಗಳು. ಮುಖ ತೋರಿಸುವುದಿಲ್ಲ, ಕೈ ಮತ್ತು ಪಾತ್ರೆ ಮಾತ್ರ. ನಿಧಾನವಾಗಿ ನೋಡುಗರು ಸೇರಿ, ಈಚೆಗೆ ಅಲ್ಪಸ್ವಲ್ಪ ಹಣವೂ ಬರತೊಡಗಿತ್ತು. ಮಗಳ ಟ್ಯೂಷನ್ ಫೀಸು ಅದರಿಂದಲೇ ಹೋಗುತ್ತಿತ್ತು. ಆ ದಿನ ಅವಳು ಅಡುಗೆಯ ಬದಲು ನಮ್ಮ ಶಾಲೆಯ ರಸಪ್ರಶ್ನೆ ಕಾರ್ಯಕ್ರಮದ ವಿಡಿಯೋ ಹಾಕಿದ್ದಳು. ಏಕೆಂದರೆ ನಾಲ್ಕನೇ ತರಗತಿಯ ಅವಳ ಮಗಳು ಅದರಲ್ಲಿ ಮೊದಲ ಬಹುಮಾನ ಗೆದ್ದಿದ್ದಳು. ದಮ್ಮಾಮ್‌ನಲ್ಲಿರುವ ತಂದೆ ನೋಡಲಿ ಎಂಬ ಆಸೆ. ವಿಡಿಯೋ ಹಾಕಿ ಸ್ವಲ್ಪ ಹೊತ್ತಿನಲ್ಲೇ ಇಂಗ್ಲಿಷ್‌ನಲ್ಲಿ ಒಂದು ಸಂದೇಶ ಬಂತು. ಅದರಲ್ಲಿ ಅವಳಿಗೆ ಅರ್ಥವಾದ ಪದ ಒಂದೇ, ಕಾಪಿರೈಟ್.

ಪರಿಚಯದ ಹುಡುಗನೊಬ್ಬನಿಗೆ ತೋರಿಸಿದ್ದಾಳೆ. ಅವನು, “ಅಕ್ಕಾ, ಇದು ದೊಡ್ಡ ಕೇಸ್. ಚಾನೆಲ್ ಹೋಗುತ್ತದೆ, ದಂಡವೂ ಬೀಳುತ್ತದೆ. ಮೂರು ಸಾವಿರ ರೂಪಾಯಿ ಮತ್ತು ಪಾಸ್‌ವರ್ಡ್ ಕೊಡಿ, ನಾನು ತೆಗೆಸಿಕೊಡುತ್ತೇನೆ” ಎಂದಿದ್ದಾನೆ. ಪಾಸ್‌ವರ್ಡ್ ಕಳಿಸುವ ಮುನ್ನ ಇವಳಿಗೆ ನನ್ನ ನೆನಪಾಗಿದೆ. ಯಾಕೆ ಗೊತ್ತೇ?

“ಟೀಚರ್, ಆ ಕೋಟ್ಯಧಿಪತಿ ರಾಗ ಹಾಕಿದ್ದು ಶಾಲೆಯಲ್ಲೇ ಅಲ್ವಾ? ಕ್ವಿಝ್ ನಡೆಸಿದ್ದು ನೀವೇ ಅಲ್ವಾ?”

ಹೌದು ಸಹೋದರಿಯರೇ, ನಾನೇ. ಮಕ್ಕಳು ಉತ್ತರ ಯೋಚಿಸುವಾಗ ಸಭಾಂಗಣ ಬಿಕೋ ಎನ್ನಬಾರದೆಂದು, “ಆ ಟಿ.ವಿ.ಯ ಡುಂ ಡುಂ ಹಾಕಿ” ಎಂದು ಹತ್ತನೆಯ ತರಗತಿಯ ಹುಡುಗರಿಗೆ ಹೇಳಿದವಳು ನಾನು. ಯಾರದೋ ಸೊತ್ತು ಬಳಸುತ್ತಿದ್ದೇನೆಂಬ ಯೋಚನೆ ನನ್ನ ತಲೆಗೆ ಬಂದೇ ಇರಲಿಲ್ಲ.

“ಪಾಸ್‌ವರ್ಡ್ ಯಾರಿಗೂ ಕೊಡಬೇಡ ಮಗಳೇ. ನಾಳೆ ಅಸರ್ ಆದ ಮೇಲೆ ನಾನೇ ಬರುತ್ತೇನೆ” ಎಂದು ಹೇಳಿ ಫೋನ್ ಇಟ್ಟೆ. ಆದರೆ ಅವಳಿಗೆ ಹೇಳಲು ನನಗೇ ಏನೂ ತಿಳಿದಿರಲಿಲ್ಲ. ಅಂದು ರಾತ್ರಿ ಉತ್ತರ ಪತ್ರಿಕೆಗಳು ಹಾಗೇ ಉಳಿದವು. ನಾನು ವಕೀಲಳಲ್ಲ. ಆದರೆ ಓದಲು ಬರುತ್ತದಲ್ಲ! ಓದಿ ತಿಳಿದದ್ದನ್ನು ಈ ತಿಂಗಳು ನಿಮ್ಮ ಮುಂದಿಡುತ್ತೇನೆ. ಏಕೆಂದರೆ ಇಂದು ಮದುವೆ, ಶಾಲೆಯ ವಾರ್ಷಿಕೋತ್ಸವ, ಮಕ್ಕಳ ಆಟ ಎಲ್ಲವೂ ಮೊಬೈಲಿನಲ್ಲಿ ಸೆರೆಯಾಗಿ ಊರೂರು ಸುತ್ತುತ್ತದೆ. ನಾಳೆ ಈ ಸಂದೇಶ ನಿಮ್ಮ ಮನೆಗೂ ಬರಬಹುದು.

ಆ ರಾಗ ಎಲ್ಲಿಂದ ಬಂತು?

ನಮ್ಮಲ್ಲಿ ಹೆಚ್ಚಿನವರಿಗೆ ಆ ಸಂಗೀತವೆಂದರೆ ಅಮಿತಾಭ್ ಬಚ್ಚನ್. 2000ದ ಜುಲೈ 3ರಂದು ಸ್ಟಾರ್ ಪ್ಲಸ್‌ನಲ್ಲಿ ‘ಕೌನ್ ಬನೇಗಾ ಕರೋಡ್‌ಪತಿ’ ಆರಂಭವಾದಾಗ ರಾತ್ರಿ ಒಂಬತ್ತಕ್ಕೆ ಬೀದಿಗಳು ಖಾಲಿಯಾಗುತ್ತಿದ್ದುದು ನನಗೆ ನೆನಪಿದೆ. 2012ರಲ್ಲಿ ಸುವರ್ಣ ವಾಹಿನಿಯಲ್ಲಿ ಪುನೀತ್ ರಾಜ್‌ಕುಮಾರ್ ನಡೆಸಿಕೊಟ್ಟ ‘ಕನ್ನಡದ ಕೋಟ್ಯಧಿಪತಿ’ ಬಂದ ಮೇಲಂತೂ ಹಿಂದಿ ಬಾರದ ಅಜ್ಜಿಯರೂ ಟಿ.ವಿ. ಮುಂದೆ ಕುಳಿತರು.

ಆದರೆ ಈ ಕಾರ್ಯಕ್ರಮ ಹುಟ್ಟಿದ್ದು ಬ್ರಿಟನ್‌ನಲ್ಲಿ. 1998ರ ಸೆಪ್ಟೆಂಬರ್ 4ರಂದು ಅಲ್ಲಿನ ಐಟಿವಿ ವಾಹಿನಿಯಲ್ಲಿ ‘ಹೂ ವಾಂಟ್ಸ್ ಟು ಬಿ ಎ ಮಿಲಿಯನೇರ್’ ಎಂಬ ಹೆಸರಿನಲ್ಲಿ ಮೊದಲ ಬಾರಿ ಪ್ರಸಾರವಾಯಿತು. ಸಂಗೀತ ರಚಿಸಿದವರು ಕೀತ್ ಸ್ಟ್ರಾಚನ್ ಮತ್ತು ಮ್ಯಾಥ್ಯೂ ಸ್ಟ್ರಾಚನ್, ತಂದೆ ಮತ್ತು ಮಗ. ಅದಕ್ಕೆ ಮೊದಲು ರಸಪ್ರಶ್ನೆ ಕಾರ್ಯಕ್ರಮಗಳಲ್ಲಿ ಆರಂಭಕ್ಕೊಂದು, ಮುಕ್ತಾಯಕ್ಕೊಂದು ರಾಗವಿದ್ದರೆ ಸಾಕಾಗುತ್ತಿತ್ತು. ಇವರು ಹಾಗೆ ಮಾಡಲಿಲ್ಲ. ಕಾರ್ಯಕ್ರಮದ ಉದ್ದಕ್ಕೂ ಸಂಗೀತ ಇರುವಂತೆ ಮಾಡಿದರು. ಪ್ರಶ್ನೆ ಕಠಿಣವಾದಂತೆ, ಹಣ ಹೆಚ್ಚಿದಂತೆ ಶ್ರುತಿಯೂ ಅರ್ಧ ಅರ್ಧ ಸ್ವರ ಏರುತ್ತಾ ಹೋಗುತ್ತದೆ. ಕುರ್ಚಿಯಲ್ಲಿ ಕುಳಿತವನ ಎದೆಬಡಿತ ಮನೆಯಲ್ಲಿ ಕುಳಿತ ನಮಗೂ ತಾಗುವುದು ಅದರಿಂದಲೇ. ಮುಂದೆ ನೂರಕ್ಕೂ ಹೆಚ್ಚು ದೇಶಗಳಿಗೆ ಈ ಕಾರ್ಯಕ್ರಮದ ಮಾದರಿ ಹೋಯಿತು. ಯಾರೂ ಅದನ್ನು ಕದ್ದು ಒಯ್ಯಲಿಲ್ಲ, ಹಣ ಕೊಟ್ಟು ಪರವಾನಗಿ ಪಡೆದು ಒಯ್ದರು.

ಇನ್ನೊಂದು ಉದಾಹರಣೆ ಹೇಳುತ್ತೇನೆ, ತಾಯಂದಿರಿಗೆ ಇಷ್ಟವಾಗಬಹುದು. ಅಮೆರಿಕದಲ್ಲಿ 1964ರಲ್ಲಿ ‘ಜೆಪರ್ಡಿ’ ಎಂಬ ರಸಪ್ರಶ್ನೆ ಕಾರ್ಯಕ್ರಮ ಶುರುವಾಯಿತು. ಇಂದಿಗೂ ನಡೆಯುತ್ತಿದೆ. ಕೊನೆಯ ಪ್ರಶ್ನೆಗೆ ಸ್ಪರ್ಧಿಗಳು ಉತ್ತರ ಬರೆಯುವಾಗ 30 ಸೆಕೆಂಡುಗಳ ಒಂದು ಸಣ್ಣ ರಾಗ ಕೇಳಿಸುತ್ತದೆ. ಅದನ್ನು ರಚಿಸಿದವರು ಆ ಕಾರ್ಯಕ್ರಮವನ್ನು ಆರಂಭಿಸಿದ ಮರ್ವ್ ಗ್ರಿಫಿನ್. ಅದು ಮೂಲತಃ ಅವರು ತನ್ನ ಪುಟ್ಟ ಮಗನಿಗಾಗಿ ಮಾಡಿದ ಲಾಲಿ! ಅಮೆರಿಕದಲ್ಲಿ ಯಾರಾದರೂ ಯೋಚಿಸುತ್ತಾ ನಿಂತರೆ ಪಕ್ಕದವರು ತಮಾಷೆಗೆ ಗುನುಗುವುದು ಇದನ್ನೇ. 2007ರಲ್ಲಿ ತೀರಿಕೊಂಡ ಗ್ರಿಫಿನ್, ಈ ಒಂದು ರಾಗದಿಂದ ತನಗೆ ಸುಮಾರು 7 ಕೋಟಿ ಡಾಲರ್ ಬಂದಿರಬಹುದೆಂದು ಹೇಳಿದ್ದರು. ಅದು ಪ್ರಸಾರವಾದಾಗಲೆಲ್ಲ, ಬೇರೆಯವರು ಪರವಾನಗಿ ಪಡೆದು ಬಳಸಿದಾಗಲೆಲ್ಲ ಅವರಿಗೆ ಗೌರವಧನ ಸಲ್ಲುತ್ತಿತ್ತು.

ಅರ್ಧ ನಿಮಿಷದ ಲಾಲಿಗೆ ಅಷ್ಟೊಂದು ಹಣವೇ ಎಂದು ನಿಮಗೆ ಅನಿಸಬಹುದು. ನನಗೂ ಅನಿಸಿತು. ಆದರೆ ನಮ್ಮೂರಿನಲ್ಲಿ ಕಸೂತಿ ಹಾಕುವ ಹೆಣ್ಣು ಮಗಳೊಬ್ಬಳು ಹೊಸ ವಿನ್ಯಾಸ ತೆಗೆದರೆ, ವಾರದೊಳಗೆ ಅದನ್ನು ಅಂಗಡಿಯವರು ನಕಲು ಮಾಡಿ ಮಾರುವಾಗ ಅವಳ ಕಣ್ಣಲ್ಲಿ ನೀರು ಬರುವುದನ್ನು ನಾವು ಕಂಡಿಲ್ಲವೇ? ಶ್ರಮ ಕೈಯದ್ದೇ ಆಗಿರಲಿ, ತಲೆಯದ್ದೇ ಆಗಿರಲಿ, ಶ್ರಮವೇ.

ಯಂತ್ರಕ್ಕೆ ಹೇಗೆ ಗೊತ್ತಾಯಿತು?

ನನ್ನ ಹಳೆಯ ವಿದ್ಯಾರ್ಥಿನಿಗೆ ಎಲ್ಲಕ್ಕಿಂತ ಹೆಚ್ಚು ಆಶ್ಚರ್ಯವಾದದ್ದು ಇದು. “ಸಭಾಂಗಣದಲ್ಲಿ ಮಕ್ಕಳ ಗದ್ದಲ, ಫ್ಯಾನಿನ ಸದ್ದು, ನಿಮ್ಮ ಮಾತು. ಅದರ ನಡುವೆ ಎಲ್ಲೋ ಕೇಳುವ ರಾಗ ಅವರಿಗೆ ಹೇಗೆ ಗೊತ್ತಾಯಿತು ಟೀಚರ್? ಯಾರಾದರೂ ದೂರು ಕೊಟ್ಟರೇ?”

ಯಾರೂ ದೂರು ಕೊಟ್ಟಿಲ್ಲ. ಯೂಟ್ಯೂಬ್‌ನಲ್ಲಿ 2007ರಿಂದ ‘ಕಂಟೆಂಟ್ ಐಡಿ’ ಎಂಬ ವ್ಯವಸ್ಥೆ ಇದೆ. ಸಂಗೀತ, ಸಿನಿಮಾ, ಟಿ.ವಿ. ಕಾರ್ಯಕ್ರಮಗಳ ದೊಡ್ಡ ಹಕ್ಕುದಾರರು ತಮ್ಮ ಕೃತಿಯ ಒಂದು ಪ್ರತಿಯನ್ನು ಅಲ್ಲಿ ಕೊಟ್ಟಿರುತ್ತಾರೆ. ಅದರಿಂದ ಒಂದು ಗುರುತು ತಯಾರಾಗುತ್ತದೆ. ನಮ್ಮ ಆಧಾರ್ ಕಾರ್ಡಿಗೆ ಬೆರಳಚ್ಚು ಕೊಟ್ಟ ಹಾಗೆ ಎಂದುಕೊಳ್ಳಿ. ಪ್ರತಿಯೊಂದು ಹೊಸ ವಿಡಿಯೋವನ್ನೂ ಯಂತ್ರ ಆ ಬೆರಳಚ್ಚುಗಳೊಂದಿಗೆ ಹೋಲಿಸಿ ನೋಡುತ್ತದೆ. ಹೊಂದಿಕೆಯಾದರೆ ‘ಕ್ಲೇಮ್’ ಬೀಳುತ್ತದೆ. ಆಮೇಲೆ ಹಕ್ಕುದಾರರಿಗೆ ಮೂರು ದಾರಿಗಳಿವೆ. ಆ ವಿಡಿಯೋವನ್ನು ಯಾರೂ ನೋಡದಂತೆ ತಡೆಯಬಹುದು. ವಿಡಿಯೋ ಇರಲಿ, ಅದರ ಜಾಹೀರಾತಿನ ಹಣ ನಮಗೆ ಬರಲಿ ಎನ್ನಬಹುದು. ಅಥವಾ ಎಷ್ಟು ಜನ ನೋಡುತ್ತಾರೆಂಬ ಲೆಕ್ಕ ಮಾತ್ರ ಇಟ್ಟುಕೊಂಡು ಸುಮ್ಮನಿರಬಹುದು.

ನನ್ನ ವಿದ್ಯಾರ್ಥಿನಿಗೆ ಬಂದದ್ದು ಎರಡನೆಯದು. ಅಂದರೆ ವಿಡಿಯೋ ಇರುತ್ತದೆ, ಆ ಒಂದು ವಿಡಿಯೋದ ಹಣ ಅವಳಿಗೆ ಬರುವುದಿಲ್ಲ. ಅಷ್ಟೇ! ಕೇಸಿಲ್ಲ, ಪೊಲೀಸರಿಲ್ಲ, ದಂಡವಿಲ್ಲ. ಪತ್ತಿರಿ, ಬಿರಿಯಾನಿಯ ವಿಡಿಯೋಗಳಿಗೆ ಏನೂ ಆಗುವುದಿಲ್ಲ.

ಇಲ್ಲಿ ಎರಡು ಪದಗಳನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ: ‘ಕ್ಲೇಮ್’ ಬೇರೆ, ‘ಸ್ಟ್ರೈಕ್’ ಬೇರೆ. ಕ್ಲೇಮ್ ಎಂದರೆ ಯಂತ್ರ ಗುರುತಿಸಿದ ಹಕ್ಕಿನ ಸೂಚನೆ, ಒಂದು ವಿಡಿಯೋಗೆ ಸೀಮಿತ. ಸ್ಟ್ರೈಕ್ ಎಂದರೆ ಹಕ್ಕುದಾರರು ಕಾನೂನಿನ ಪ್ರಕಾರ ಬರೆದು ಕೊಟ್ಟ ದೂರಿನ ಮೇಲೆ ವಿಡಿಯೋವನ್ನೇ ತೆಗೆದುಹಾಕಿದಾಗ ಚಾನೆಲ್‌ಗೆ ಬೀಳುವ ಕಪ್ಪು ಚುಕ್ಕೆ. 90 ದಿನಗಳೊಳಗೆ ಅಂಥ ಮೂರು ಬಿದ್ದರೆ ಚಾನೆಲ್ ಮುಚ್ಚಿಹೋಗಬಹುದು. ಈ ವ್ಯತ್ಯಾಸ ತಿಳಿಯದ ಮುಗ್ಧರ ಭಯವೇ ಮೂರು ಸಾವಿರ ಕೇಳುವ ಹುಡುಗರ ಬಂಡವಾಳ. ಕ್ಲೇಮ್ ತೆಗೆಯಲು ಯಾರಿಗೂ ಪಾಸ್‌ವರ್ಡ್ ಕೊಡಬೇಕಾಗಿಲ್ಲ. ಏನು ಮಾಡುವುದಿದ್ದರೂ ನಿಮ್ಮ ಖಾತೆಯೊಳಗಿಂದ ನೀವೇ, ಪುಕ್ಕಟೆಯಾಗಿ ಮಾಡಬಹುದು.

ಸಭಾಂಗಣ ಬೇರೆ, ಇಂಟರ್‌ನೆಟ್ ಬೇರೆ

ಹಾಗಾದರೆ ಶಾಲೆಯಲ್ಲಿ ಆ ರಾಗ ಹಾಕಿದ ನಾನು ತಪ್ಪಿತಸ್ಥೆಯೇ? ಈ ಪ್ರಶ್ನೆ ನನ್ನನ್ನು ಕಾಡುತ್ತಿತ್ತು. ಭಾರತದ 1957ರ ಕಾಪಿರೈಟ್ ಕಾಯ್ದೆಯನ್ನು ತೆರೆದು ಓದಿದೆ.

ಕಾಯ್ದೆಯ 52ನೇ ಸೆಕ್ಷನ್ ಯಾವುದೆಲ್ಲ ಉಲ್ಲಂಘನೆಯಲ್ಲ ಎಂಬ ಪಟ್ಟಿ ಕೊಡುತ್ತದೆ. ಶಿಕ್ಷಣ ಸಂಸ್ಥೆಯ ಚಟುವಟಿಕೆಯ ಅಂಗವಾಗಿ ಧ್ವನಿಮುದ್ರಿಕೆಯನ್ನು ಕೇಳಿಸುವುದಕ್ಕೆ ಅದರಲ್ಲಿ ಅವಕಾಶವಿದೆ. ಆದರೆ ಒಂದು ಷರತ್ತು: ಕೇಳುವವರು ಸಿಬ್ಬಂದಿ, ವಿದ್ಯಾರ್ಥಿಗಳು, ಅವರ ತಂದೆ ತಾಯಿ ಅಥವಾ ಪೋಷಕರು ಮತ್ತು ಸಂಸ್ಥೆಯ ಚಟುವಟಿಕೆಗಳಿಗೆ ಸಂಬಂಧಪಟ್ಟವರು ಮಾತ್ರ ಆಗಿರಬೇಕು. ನಮ್ಮ ರಸಪ್ರಶ್ನೆಗೆ ಬಂದವರು ಅಷ್ಟೇ ಜನ. ಆದ್ದರಿಂದ ಸಭಾಂಗಣದೊಳಗೆ ನಡೆದದ್ದರಲ್ಲಿ ತಪ್ಪಿರಲಿಲ್ಲ. ಊರಿಗೆಲ್ಲ ಟಿಕೆಟ್ ಮಾರಿ ನಡೆಸಿದ್ದರೆ ಮಾತು ಬೇರೆಯಾಗುತ್ತಿತ್ತು.

ಆದರೆ ಅದೇ ಸದ್ದನ್ನು ಸೆರೆಹಿಡಿದು ಯೂಟ್ಯೂಬ್‌ಗೆ ಹಾಕಿದ ಕ್ಷಣ ಪೋಷಕರ ಸಭೆ ಲೋಕದ ಸಭೆಯಾಯಿತು. ಕಾಯ್ದೆ ಇದನ್ನು ಸಾರ್ವಜನಿಕರಿಗೆ ತಲುಪಿಸುವುದು ಎಂದು ಕರೆಯುತ್ತದೆ. ಶಾಲೆಗೆ ಕೊಟ್ಟ ವಿನಾಯಿತಿ ಅಲ್ಲಿಗೆ ವಿಸ್ತರಿಸುವುದಿಲ್ಲ. ಗೇಟಿನ ಒಳಗೆ ಸರಿಯಾದದ್ದು ಗೇಟಿನ ಹೊರಗೆ ಸರಿಯಾಗಿರಬೇಕೆಂದಿಲ್ಲ. ನನ್ನ ತಪ್ಪೇನೆಂದರೆ, ಮೊಬೈಲ್ ಎತ್ತಿ ಹಿಡಿದಿದ್ದ ಹತ್ತಾರು ತಾಯಂದಿರನ್ನು ಕಂಡೂ ನಾನು ಎಚ್ಚರಿಸಲಿಲ್ಲ.

ಈ ವಿಷಯದಲ್ಲಿ ನಮ್ಮ ನಡುವೆ ಓಡಾಡುವ ಕೆಲವು ತಪ್ಪು ತಿಳಿವಳಿಕೆಗಳನ್ನೂ ಹೇಳಿಬಿಡುತ್ತೇನೆ.

“ಹತ್ತು ಸೆಕೆಂಡ್ ಬಳಸಿದರೆ ಪರವಾಗಿಲ್ಲ” ಎನ್ನುತ್ತಾರೆ. ಇಷ್ಟು ಸೆಕೆಂಡ್ ಬಳಸಬಹುದೆಂಬ ಲೆಕ್ಕ ನಮ್ಮ ಕಾಯ್ದೆಯಲ್ಲಿ ಎಲ್ಲೂ ಇಲ್ಲ. ಜೆಪರ್ಡಿಯ ರಾಗ ಇರುವುದೇ ಅರ್ಧ ನಿಮಿಷ ಎಂಬುದನ್ನು ನೆನೆಯಿರಿ.

“ಕೆಳಗೆ ಅವರ ಹೆಸರು ಬರೆದಿದ್ದೇನಲ್ಲ” ಎನ್ನುತ್ತಾರೆ. ಹೆಸರು ಬರೆಯುವುದು ಒಳ್ಳೆಯ ನಡತೆ, ಆದರೆ ಅದು ಅನುಮತಿಯಲ್ಲ. ನೆರೆಮನೆಯ ತೋಟದ ತೆಂಗಿನಕಾಯಿ ಕಿತ್ತು ‘ಇದು ಇಂಥವರ ತೋಟದ್ದು’ ಎಂದು ಹೇಳಿದರೆ ಅದು ಕೇಳಿ ತಂದಂತಾಗುವುದೇ?

“ನಾನು ಹಣ ಮಾಡುತ್ತಿಲ್ಲ” ಎನ್ನುತ್ತಾರೆ. ಲಾಭಕ್ಕಾಗಿ ಮಾಡದಿದ್ದರೆ ಶಿಕ್ಷೆ ಕಡಿಮೆ ಮಾಡುವ ಅಧಿಕಾರ ನ್ಯಾಯಾಲಯಕ್ಕಿದೆ. ಆದರೆ ಅದರಿಂದಲೇ ಬಳಕೆ ಸರಿಯಾಗುವುದಿಲ್ಲ. ಬೇಕೆಂದೇ ಮಾಡಿದ ಉಲ್ಲಂಘನೆಗೆ ಕಾಯ್ದೆಯ 63ನೇ ಸೆಕ್ಷನ್ ಪ್ರಕಾರ 6 ತಿಂಗಳಿಂದ 3 ವರ್ಷಗಳವರೆಗೆ ಸೆರೆವಾಸ, 50 ಸಾವಿರದಿಂದ 2 ಲಕ್ಷ ರೂಪಾಯಿಗಳವರೆಗೆ ದಂಡವಿದೆ. ಮನೆಯ ವಿಡಿಯೋಗೆ ಯಾರೂ ಅಷ್ಟು ದೂರ ಹೋಗುವುದಿಲ್ಲ, ಹೆದರಬೇಕಾಗಿಲ್ಲ. ಕಾನೂನು ಇದನ್ನು ಆಟವೆಂದು ನೋಡಿಲ್ಲ ಎಂಬುದು ತಿಳಿದಿದ್ದರೆ ಸಾಕು.

“ಅವರ ಧ್ವನಿಮುದ್ರಣ ಬಳಸಿಲ್ಲ, ನನ್ನ ಮಗನೇ ಕೀಬೋರ್ಡಿನಲ್ಲಿ ನುಡಿಸಿದ್ದಾನೆ” ಎನ್ನುವವರೂ ಇದ್ದಾರೆ. ಇಲ್ಲಿ ಎರಡು ಹಕ್ಕುಗಳಿವೆ. ರಾಗ ರಚಿಸಿದವರದ್ದು ಒಂದು, ಅದನ್ನು ಧ್ವನಿಮುದ್ರಿಸಿದವರದ್ದು ಇನ್ನೊಂದು. ಮಗ ನುಡಿಸಿದರೆ ಎರಡನೆಯ ಹಕ್ಕಿಗೆ ಧಕ್ಕೆಯಾಗಲಿಕ್ಕಿಲ್ಲ, ಮೊದಲನೆಯದು ಹಾಗೇ ಇರುತ್ತದೆ. ನಮ್ಮ ಕಾಯ್ದೆಯಲ್ಲಿ ರಚನೆಯ ಹಕ್ಕು ರಚಿಸಿದವರ ಜೀವಮಾನವಿಡೀ ಮತ್ತು ಮರಣದ ನಂತರ 60 ವರ್ಷ. ಧ್ವನಿಮುದ್ರಣದ ಹಕ್ಕು ಪ್ರಕಟವಾದ ಮೇಲೆ 60 ವರ್ಷ. 1998ರ ರಾಗ ಎಲ್ಲರ ಸೊತ್ತಾಗುವ ಹೊತ್ತಿಗೆ ನಮ್ಮ ಮಕ್ಕಳು ಅಜ್ಜ ಅಜ್ಜಿಯಾಗಿರುತ್ತಾರೆ!

ಇದು ದೊಡ್ಡವರಿಗೂ ಅನ್ವಯಿಸುತ್ತದೆಯೇ ಎಂದು ಕೇಳಬೇಡಿ. 2022ರ ನವೆಂಬರ್‌ನಲ್ಲಿ ನಮ್ಮ ಬೆಂಗಳೂರಿನಲ್ಲೇ ನಡೆದದ್ದನ್ನು ನೋಡಿ. ಅದು ಗೇಮ್ ಶೋ ರಾಗವಲ್ಲ, ಸಿನಿಮಾ ಹಾಡು. ಆದರೆ ಪಾಠ ಅದೇ. ಕಾಂಗ್ರೆಸ್ ಪಕ್ಷದ ಭಾರತ್ ಜೋಡೋ ಯಾತ್ರೆಯ ವಿಡಿಯೋದಲ್ಲಿ ‘ಕೆಜಿಎಫ್ ಚಾಪ್ಟರ್ 2’ ಚಿತ್ರದ ಸಂಗೀತವನ್ನು ಅನುಮತಿಯಿಲ್ಲದೆ ಬಳಸಲಾಗಿದೆ ಎಂದು ಬೆಂಗಳೂರಿನ ಎಂಆರ್‌ಟಿ ಮ್ಯೂಸಿಕ್ ಸಂಸ್ಥೆ ನ್ಯಾಯಾಲಯಕ್ಕೆ ಹೋಯಿತು. ನಗರದ ನ್ಯಾಯಾಲಯ ಪಕ್ಷದ ಮತ್ತು ಯಾತ್ರೆಯ ಟ್ವಿಟರ್ ಖಾತೆಗಳನ್ನೇ ತಡೆಹಿಡಿಯಲು ಆದೇಶಿಸಿತು. ಮರುದಿನ ಹೈಕೋರ್ಟ್ ಆ ಆದೇಶವನ್ನು ಬದಿಗಿರಿಸಿತು, ಆದರೆ ಆ ಸಂಗೀತವಿದ್ದ ತುಣುಕುಗಳನ್ನು ತೆಗೆದುಹಾಕಬೇಕೆಂಬ ಷರತ್ತಿನ ಮೇಲೆ.

ಸುಳ್ಳು ಹೇಳಿದರೆ ಕ್ಲೇಮ್ ಹೋಗುತ್ತದಂತೆ!

ಮರುದಿನ ಅಸರ್ ಆದ ಮೇಲೆ ಅವಳ ಮನೆಗೆ ಹೋದೆ. ಇಷ್ಟೆಲ್ಲ ಹೇಳಿದ ಮೇಲೆ ಅವಳ ಮುಖದಲ್ಲಿ ನಗು ಬಂತು, ಚಹಾ ಬಂತು. ಆಮೇಲೆ ಮೆಲ್ಲಗೆ ಕೇಳಿದಳು:

“ಟೀಚರ್, ಪಕ್ಕದ ಮನೆಯವಳು ಒಂದು ಉಪಾಯ ಹೇಳಿದ್ದಾಳೆ. ಆಕ್ಷೇಪಣೆಯ ಗುಂಡಿ ಒತ್ತಿ ‘ಈ ಸಂಗೀತಕ್ಕೆ ನನಗೆ ಅನುಮತಿ ಇದೆ’ ಎಂದು ಬರೆದರೆ ಸಾಕಂತೆ. ಅವರು 30 ದಿನ ಉತ್ತರ ಕೊಡದಿದ್ದರೆ ಕ್ಲೇಮ್ ತಾನಾಗಿ ಹೋಗುತ್ತದಂತೆ. ದೊಡ್ಡ ಕಂಪೆನಿಯವರು ನಮ್ಮಂಥವರ ವಿಡಿಯೋ ಎಲ್ಲಿ ನೋಡುತ್ತಾರೆ?”

ಸಹೋದರಿಯರೇ, ಪಕ್ಕದ ಮನೆಯವಳು ಹೇಳಿದ್ದರಲ್ಲಿ 30 ದಿನದ ಮಾತು ನಿಜ. ಅಂಥ ನಿಯಮ ಇದೆ. ನಾನು ಚಹಾದ ಲೋಟ ಕೆಳಗಿಟ್ಟೆ. ಒಳಗೆ ಕೋಣೆಯಲ್ಲಿ ಅವಳ ಮಗಳು ಬಹುಮಾನದ ಕಪ್ಪನ್ನು ಒರೆಸುತ್ತಾ ಕುಳಿತಿದ್ದಳು. “ಆ ಮಗು ಒಂದು ಪ್ರಶ್ನೆಗೂ ಕಾಪಿ ಹೊಡೆಯದೆ ಗೆದ್ದ ವಿಡಿಯೋ ಇದು. ಅದನ್ನು ಉಳಿಸಲು ತಾಯಿ ಸುಳ್ಳು ಬರೆಯಬೇಕೇ?” ಎಂದು ಕೇಳಿದೆ. ಅವಳು ತಲೆ ತಗ್ಗಿಸಿದಳು.

ಆ ಆಕ್ಷೇಪಣೆಯ ಗುಂಡಿ ಇರುವುದು ಅನ್ಯಾಯವಾದವರಿಗಾಗಿ. ಅನ್ಯಾಯ ಆಗುವುದಿಲ್ಲ ಎಂದಲ್ಲ, ಯಂತ್ರವೂ ತಪ್ಪುತ್ತದೆ. 2021ರ ಮೊದಲ ಆರು ತಿಂಗಳಲ್ಲಿ 72 ಕೋಟಿಗೂ ಹೆಚ್ಚು ಕ್ಲೇಮ್‌ಗಳು ಬಿದ್ದಿದ್ದವೆಂದು ಯೂಟ್ಯೂಬ್ ತನ್ನ ವರದಿಯಲ್ಲಿ ತಿಳಿಸಿದೆ. ಅದರಲ್ಲಿ ನೂರಕ್ಕೆ ಒಂದಕ್ಕಿಂತಲೂ ಕಡಿಮೆ ಪ್ರಕರಣಗಳಲ್ಲಿ ಆಕ್ಷೇಪಣೆ ಬಂತು. ಆದರೆ ಆಕ್ಷೇಪಣೆ ಬಂದವುಗಳಲ್ಲಿ ಸುಮಾರು 60 ಶೇಕಡಾ ವಿಡಿಯೋ ಹಾಕಿದವರ ಪರವಾಗಿಯೇ ಮುಗಿದವು. ಎಂದರೆ 20 ಲಕ್ಷಕ್ಕೂ ಹೆಚ್ಚು ಕ್ಲೇಮ್‌ಗಳು ನಿಲ್ಲಲಿಲ್ಲ. ಹೆದರಿ ಸುಮ್ಮನಾದವರು ಇನ್ನೆಷ್ಟೋ!

ಅಮೆರಿಕದ ಪೆನ್ಸಿಲ್ವೇನಿಯಾದ ತಾಯಿಯೊಬ್ಬಳ ಕಥೆ ಇಲ್ಲಿ ಹೇಳಲೇಬೇಕು. 2007ರ ಫೆಬ್ರವರಿಯಲ್ಲಿ ತನ್ನ 13 ತಿಂಗಳ ಮಗು ಅಡುಗೆಮನೆಯಲ್ಲಿ ಕುಣಿಯುವುದನ್ನು ಅವಳು ಚಿತ್ರಿಸಿದಳು. 29 ಸೆಕೆಂಡುಗಳ ವಿಡಿಯೋ. ಹಿಂದೆ ಎಲ್ಲೋ ಗಾಯಕ ಪ್ರಿನ್ಸ್‌ನ ಹಾಡು ಅಸ್ಪಷ್ಟವಾಗಿ ಕೇಳಿಸುತ್ತಿತ್ತು. ಹಾಡಿನ ಹಕ್ಕು ನೋಡಿಕೊಳ್ಳುತ್ತಿದ್ದ ಯೂನಿವರ್ಸಲ್ ಸಂಸ್ಥೆ ದೂರು ಕೊಟ್ಟು ವಿಡಿಯೋ ತೆಗೆಸಿತು. ಆ ತಾಯಿ ಬಿಡಲಿಲ್ಲ. ಪ್ರತಿ ಅರ್ಜಿ ಕೊಟ್ಟು ವಿಡಿಯೋವನ್ನು ಮರಳಿ ಹಾಕಿಸಿದಳು, ಕೋರ್ಟಿಗೂ ಹೋದಳು. 2015ರಲ್ಲಿ ಅಲ್ಲಿನ ಮೇಲ್ಮನವಿ ನ್ಯಾಯಾಲಯ, ದೂರು ಕೊಡುವ ಮುನ್ನ ಅದು ನ್ಯಾಯವಾದ ಬಳಕೆಯೇ ಎಂದು ಹಕ್ಕುದಾರರು ಯೋಚಿಸಲೇಬೇಕು ಎಂದು ಹೇಳಿತು. 2018ರಲ್ಲಿ ರಾಜಿಯಾಗಿ ಪ್ರಕರಣ ಮುಗಿಯುವಾಗ ಆ ಮಗು ಶಾಲೆಗೆ ಹೋಗುವ ಹುಡುಗನಾಗಿದ್ದ. ಅವಳು ಸುಳ್ಳು ಹೇಳಿ ಗೆಲ್ಲಲಿಲ್ಲ. ನಿಜ ಹೇಳಿಕೊಂಡು ಹನ್ನೊಂದು ವರ್ಷ ನಿಂತಳು.

ನಮ್ಮ ದೇಶದ ಕಾನೂನೂ ಎರಡು ಕಡೆಯವರನ್ನೂ ನೋಡಿದೆ. 2012ರ ತಿದ್ದುಪಡಿ ಮತ್ತು 2013ರ ನಿಯಮಗಳ ಪ್ರಕಾರ ಹಕ್ಕುದಾರರು ಲಿಖಿತವಾಗಿ ದೂರಿತ್ತರೆ ಇಂಟರ್‌ನೆಟ್ ಸಂಸ್ಥೆ 36 ಗಂಟೆಗಳೊಳಗೆ ಕ್ರಮ ಕೈಗೊಳ್ಳಬೇಕು. ಆದರೆ ದೂರಿತ್ತವರು 21 ದಿನಗಳೊಳಗೆ ನ್ಯಾಯಾಲಯದ ಆದೇಶ ತರದಿದ್ದರೆ ಅದನ್ನು ಮರಳಿ ತೆರೆಯಬಹುದು.

ಹಕ್ಕುದಾರರು ಇಷ್ಟು ಎಚ್ಚರದಿಂದಿರುವುದು ಹಣಕ್ಕಾಗಿ ಮಾತ್ರವೇ? ಅಲ್ಲವೆಂಬುದಕ್ಕೆ ನಮ್ಮ ವಾಟ್ಸ್‌ಆಪ್ ಸಾಕ್ಷಿ. ‘ಕೆಬಿಸಿ’ಯ ಹೆಸರು, ಲಾಂಛನ, ಬಚ್ಚನ್ ಅವರ ಚಿತ್ರ ಹಾಕಿ, ನಿಮಗೆ 25 ಲಕ್ಷದ ಲಾಟರಿ ಬಂದಿದೆ ಎಂದು ನಂಬಿಸಿ ಬಡವರ ಉಳಿತಾಯ ದೋಚಿದ ವಂಚಕರ ಬಗ್ಗೆ 2021ರಲ್ಲಿ ದೆಹಲಿ ಪೊಲೀಸರು ಎಚ್ಚರಿಕೆಯನ್ನೇ ಹೊರಡಿಸಬೇಕಾಯಿತು. ಜನ ನಂಬಿದ ಹೆಸರನ್ನು ಸಿಕ್ಕವರೆಲ್ಲ ಬಳಸಲು ಬಿಟ್ಟರೆ ಕಳ್ಳನೂ ಅದನ್ನೇ ತೊಟ್ಟು ಬರುತ್ತಾನೆ.

“ಹೇಗೂ ಸಂಗೀತದ ಬಗ್ಗೆ ನಮ್ಮಲ್ಲಿ ಭಿನ್ನಾಭಿಪ್ರಾಯವಿದೆ, ಅದಕ್ಕೆಂಥ ಹಕ್ಕು?” ಎಂದು ಕೆಲವರು ಕೇಳಿಯಾರು. ಸಂಗೀತ ಕೇಳುವುದರ ಕುರಿತು ನಿಮ್ಮ ನಿಲುವು ಏನೇ ಇರಲಿ, ಅದು ಇನ್ನೊಬ್ಬರ ಸೊತ್ತನ್ನು ನಮ್ಮದಾಗಿಸುವುದಿಲ್ಲ. ಗ್ರಂಥ ರಚನೆ, ಆವಿಷ್ಕಾರ, ವ್ಯಾಪಾರದ ಹೆಸರು ಮುಂತಾದ ಕಣ್ಣಿಗೆ ಕಾಣದ ಹಕ್ಕುಗಳೂ ಶರೀಅತ್‌ನ ದೃಷ್ಟಿಯಲ್ಲಿ ರಕ್ಷಣೆಗೆ ಅರ್ಹ, ಅವುಗಳನ್ನು ಅತಿಕ್ರಮಿಸುವಂತಿಲ್ಲ ಎಂದು ಅಂತಾರಾಷ್ಟ್ರೀಯ ಇಸ್ಲಾಮಿಕ್ ಫಿಕ್ಹ್ ಅಕಾಡೆಮಿ 1988ರಲ್ಲೇ ಕುವೈತ್‌ನ ಅಧಿವೇಶನದಲ್ಲಿ ನಿರ್ಣಯಿಸಿದೆ. ಕನ್ನಡದ ‘ಹಕ್ಕು’ ಎಂಬ ಪದ ಬಂದದ್ದೇ ಅರಬಿಯ ‘ಹಕ್’ನಿಂದ. ಆ ಪದವನ್ನು ದಿನಕ್ಕೆ ಹತ್ತು ಸಲ ಬಳಸುವ ನಾವು ಇನ್ನೊಬ್ಬರ ಹಕ್ಕಿನ ವಿಷಯ ಬಂದಾಗ 30 ದಿನ ಕಾದು ನೋಡೋಣ ಎನ್ನಬಹುದೇ?

ಕೊನೆಗೆ ನಾವು ಮಾಡಿದ್ದೇನು?

ಸುಲಭದ ದಾರಿಯೇ ಇತ್ತು. ಯೂಟ್ಯೂಬ್‌ನಲ್ಲಿ ಕ್ಲೇಮ್ ಬಿದ್ದ ಭಾಗವನ್ನು ಮಾತ್ರ ಕತ್ತರಿಸುವ, ಅದರ ಸದ್ದು ಅಡಗಿಸುವ ಅಥವಾ ಬೇರೆ ಸದ್ದು ಸೇರಿಸುವ ಸೌಕರ್ಯ ಇದೆ. ನಾವಿಬ್ಬರೂ ಕುಳಿತು ರಾಗವಿದ್ದ ಭಾಗಗಳನ್ನು ಕತ್ತರಿಸಿದೆವು. ಮಗು ಉತ್ತರ ಹೇಳುವುದು, ಚಪ್ಪಾಳೆ, ಬಹುಮಾನ ಎಲ್ಲವೂ ಉಳಿಯಿತು. ಸ್ವಲ್ಪ ಸಮಯದ ಬಳಿಕ ಕ್ಲೇಮ್ ತಾನಾಗಿ ಹೋಯಿತು. ಮೂರು ಸಾವಿರ ಉಳಿಯಿತು, ಚಾನೆಲ್ ಉಳಿಯಿತು.

ನೀವೂ ನೆನಪಿಡಬೇಕಾದದ್ದು ಇಷ್ಟೇ. ಮನೆಯ ವಿಡಿಯೋವನ್ನು ಲೋಕಕ್ಕೆ ಹಾಕುವ ಮುನ್ನ ಅದರಲ್ಲಿ ಯಾರ ಸದ್ದಿದೆ ಎಂದು ಒಮ್ಮೆ ಕಿವಿಗೊಟ್ಟು ಕೇಳಿ. ಸದ್ದು ಬೇಕೇ ಬೇಕೆಂದಿದ್ದರೆ ಯೂಟ್ಯೂಬ್‌ನದ್ದೇ ಆಡಿಯೋ ಲೈಬ್ರರಿಯಲ್ಲಿ ಉಚಿತವಾಗಿ ಬಳಸಬಹುದಾದ ಸದ್ದುಗಳಿವೆ. ಗಡಿಯಾರದ ಟಿಕ್ ಟಿಕ್‌ನಿಂದ ಹಿಡಿದು ಮಳೆಯ ಸದ್ದಿನವರೆಗೆ ಸಿಗುತ್ತದೆ. ಸಂದೇಶ ಬಂದರೆ ಗಾಬರಿಯಾಗದೆ, ಕ್ಲೇಮ್ ಹೌದೋ ಸ್ಟ್ರೈಕ್ ಹೌದೋ ನೋಡಿ. ಇಂಗ್ಲಿಷ್ ಬಾರದಿದ್ದರೆ ನಂಬಿಕಸ್ತರಿಂದ ಓದಿಸಿ. ಪಾಸ್‌ವರ್ಡ್, ಒಟಿಪಿ ಯಾರಿಗೂ ಕೊಡಬೇಡಿ. ಕ್ಲೇಮ್ ಸರಿಯಾಗಿದ್ದರೆ ಒಪ್ಪಿಕೊಳ್ಳಿ. ತಪ್ಪಾಗಿದ್ದರೆ ಧೈರ್ಯವಾಗಿ ಆಕ್ಷೇಪಿಸಿ.

ಮೊನ್ನೆ ಶಾಲೆಯಲ್ಲಿ ಮತ್ತೆ ರಸಪ್ರಶ್ನೆ ಇತ್ತು. ಈ ಸಲ ಟಿ.ವಿ.ಯ ರಾಗ ಬೇಡವೆಂದೆ. ಮಕ್ಕಳೇ ದಾರಿ ಹುಡುಕಿದರು. ಒಬ್ಬಳು ಸ್ಟೀಲ್ ಲೋಟಕ್ಕೆ ಚಮಚದಿಂದ ಟಿಣ್ ಟಿಣ್ ಎಂದು ಬಡಿದಳು, ಇನ್ನಿಬ್ಬರು ಡೆಸ್ಕಿನ ಮೇಲೆ ತಾಳ ಹಾಕಿದರು. ಕೊನೆಯ ಹತ್ತು ಸೆಕೆಂಡು ಬಂದಾಗ ತಾಳ ತಾನಾಗಿ ಜೋರಾಯಿತು. ಸಭಾಂಗಣದಲ್ಲಿ ಕುಳಿತವರಿಗೆಲ್ಲ ಎದೆ ಡವಗುಟ್ಟಿತು. ಮುಗಿದ ಮೇಲೆ ಲೋಟ ಬಡಿದವಳು ನನ್ನ ಬಳಿ ಬಂದು ಕೇಳಿದಳು:

“ಟೀಚರ್, ನಮ್ಮ ಈ ಸದ್ದನ್ನು ಬೇರೆ ಶಾಲೆಯವರು ಕೇಳದೆ ತೆಗೆದುಕೊಂಡರೆ?”

ನಾಲ್ಕು ವಾರಗಳ ಹಿಂದೆಯಾಗಿದ್ದರೆ ನನ್ನಲ್ಲಿ ಉತ್ತರವಿರುತ್ತಿರಲಿಲ್ಲ. ಈಗ ಹೇಳಿದೆ: “ನೀವು ಮಾಡಿ ಧ್ವನಿಮುದ್ರಿಸಿದ್ದಕ್ಕೆ ಹಕ್ಕು ತಾನಾಗಿಯೇ ಹುಟ್ಟುತ್ತದೆ ಮಗಳೇ. ನೋಂದಣಿ ಮಾಡಿಸಿದರೆ ಸಾಕ್ಷಿಗೆ ಒಳ್ಳೆಯದು, ಮಾಡಿಸಲೇಬೇಕೆಂದಿಲ್ಲ. ಅವರು ಬಂದು ನಿಮ್ಮನ್ನು ಕೇಳಬೇಕು.”

ಅವಳು ಸ್ವಲ್ಪ ಯೋಚಿಸಿ, “ಕೇಳಿದರೆ ಕೊಡೋಣ ಟೀಚರ್” ಎಂದಳು.

ಕೇಳಿ ಪಡೆಯುವ, ಕೇಳಿದಾಗ ಕೊಡುವ ಈ ಬುದ್ಧಿಯನ್ನು ಅಲ್ಲಾಹನು ನಮಗೂ ನಮ್ಮ ಮಕ್ಕಳಿಗೂ ಕರುಣಿಸಲಿ.